ಓಡದೆ ನಿಲ್ಲುವ ಆಟ

ಜುಲೈ 14, ಭಾನುವಾರ ಬೆಳಿಗ್ಗೆ

ಚೋಟುವಿನ ಅಮ್ಮನಿಗೆ,

ಮೇಲಿನ ಆ ಒಂದು ಸಾಲಿಗಾಗಿ ಎರಡು ಹಾಳೆ ಹರಿದು ಹಾಕಿದ್ದೇನೆ. ‘ಪ್ರೀತಿಯ’ ಎಂದು ಬರೆದರೆ ನೀನು ಅಲ್ಲಿಗೇ ಮಡಿಸಿ ಇಟ್ಟುಬಿಡುತ್ತೀಯೋ ಎಂಬ ಅಂಜಿಕೆ. ಹೆಸರು ಹಿಡಿದು ಬರೆದರೆ ಕೋರ್ಟಿನ ನೋಟೀಸಿನ ಹಾಗೆ ಕಾಣುತ್ತದೆ. ನಮ್ಮಿಬ್ಬರಲ್ಲಿ ಯಾರೂ ತಕರಾರು ತೆಗೆಯಲಾಗದ ಸಂಬಂಧ ಇದೊಂದೇ ಎಂದು ಕೊನೆಗೆ ಹೀಗೆ ಬರೆದೆ. ಅಂದಹಾಗೆ, ಚೋಟುದ್ದ ಇದ್ದಾಗ ಇಟ್ಟ ಹೆಸರು ಹಾಗೇ ಉಳಿದುಬಿಟ್ಟಿದೆ, ಅವಳು ಮಾತ್ರ ನನ್ನ ಭುಜದವರೆಗೆ ಬಂದಿದ್ದಾಳೆ. ಈ ಹಾಳೆಗಳೂ ಅವಳ ನೋಟ್‌ಬುಕ್ಕಿನವೇ. ಹಿಂಭಾಗದಲ್ಲಿ ಭಿನ್ನರಾಶಿ ಇದ್ದರೆ ಬೈಯಬೇಡ.

ಮಂಗಳವಾರ ನೀನು ಕಳಿಸಿದ ಕವರು ನನ್ನ ಬೀಗದ ಅಂಗಡಿಗೆ ತಲುಪಿತು. ನಿಮ್ಮ ಔಷಧದ ಅಂಗಡಿಯಲ್ಲಿ ಮಾತ್ರೆ ಹಾಕಿಕೊಡುವ ಕವರು, ಅದರ ಮೇಲೆ ನಿನ್ನ ಗುಂಡನೆಯ ಅಕ್ಷರದಲ್ಲಿ ಎರಡೇ ಸಾಲು: ಆ ದೆವ್ವದ ಆಟದಿಂದ ಮಗಳ ತಲೆ ಕೆಡುತ್ತಿದೆ, ಇನ್ನು ಮೇಲೆ ಶನಿವಾರ ಕಳಿಸುವುದಿಲ್ಲ. ಒಳಗೆ ಅವಳು ಬರೆದ ಚಿತ್ರ. ಉದ್ದನೆಯ ಓಣಿ, ಓಣಿಯ ಕೊನೆಗೆ ಎರಡು ಬಾಗಿಲು, ಬಾಗಿಲಲ್ಲಿ ಹಸಿರು ಬಟ್ಟೆಯ ಎತ್ತರದ ಮನುಷ್ಯ, ಅವನಿಗೆ ಮುಖವಿಲ್ಲ. ಶಾಲೆಯ ಪುಸ್ತಕದಲ್ಲಿ ಅಂಥದ್ದನ್ನು ಕಂಡರೆ ಯಾವ ತಾಯಿಗಾದರೂ ಎದೆ ಧಸಕ್ಕೆನ್ನುತ್ತದೆ. ನೀನು ಮಾಡಿದ್ದು ತಪ್ಪು ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ನಿನ್ನೆ ಶನಿವಾರ ಅವಳು ಬರಲಿಲ್ಲ. ಫೋನು ಮಾಡೋಣವೆಂದುಕೊಂಡೆ. ಆದರೆ ಫೋನಿನಲ್ಲಿ ನಾನು ‘ಹ್ಞೂಂ’ ಬಿಟ್ಟು ಎರಡನೇ ಅಕ್ಷರ ಆಡುವುದಿಲ್ಲ ಎಂದು ಹನ್ನೆರಡು ವರ್ಷದ ಸಂಸಾರದಲ್ಲಿ ನೀನೇ ಸಾವಿರ ಸಲ ಹೇಳಿದ್ದೀಯ. ಪೆನ್ನು ಹಿಡಿದರೆ ಸ್ವಲ್ಪ ಬಾಯಿ ಬರುತ್ತದೆ.

ಮೊದಲು ಆಟದ ವಿಚಾರ ಮುಗಿಸುತ್ತೇನೆ. ನಿನ್ನ ಲೆಕ್ಕದಲ್ಲಿ ಎಲ್ಲ ವಿಡಿಯೋ ಗೇಮೂ ಒಂದೇ. ಮದುವೆಯಾದ ಹೊಸತರಲ್ಲಿ ನಾನು, ಬಿಳಿ ಮಾತ್ರೆಗಳೆಲ್ಲ ಒಂದೇ ಅಲ್ವಾ ಎಂದು ಕೇಳಿದ್ದಕ್ಕೆ ನೀನು ಊಟದ ತಟ್ಟೆ ಆರಿಹೋಗುವವರೆಗೂ ಪಾಠ ಹೇಳಿದ್ದೆ. ಇವತ್ತು ನನ್ನ ಸರದಿ, ಸಹಿಸಿಕೋ.

ಹೊಡೆದಾಟದ ಆಟಗಳನ್ನು ನಾನು ಎಷ್ಟು ವರ್ಷ ಆಡಿದೆ ಎನ್ನುವುದಕ್ಕೆ ನೀನೇ ಸಾಕ್ಷಿ. ಅಂಗಡಿ ಮುಚ್ಚಿ ಬಂದು, ಕೈಯ ಕಬ್ಬಿಣದ ಪುಡಿ ತೊಳೆದು, ಟಿವಿ ಮುಂದೆ ಕೂತರೆ ಆಯಿತು. ಆ ಆಟಗಳ ನಾಯಕ ಬೆನ್ನ ಮೇಲೆ ಏಳು ಬಂದೂಕು ಹೊತ್ತುಕೊಂಡು ಗೋಡೆ ಹತ್ತುತ್ತಾನೆ. ಮುನ್ನೂರು ಜನರನ್ನು ಕೆಡವಿದರೂ ಅವನ ತಲೆಕೂದಲು ಕೆದರುವುದಿಲ್ಲ. ಗುಂಡು ತಗುಲಿದರೆ ಗೋಡೆಯ ಹಿಂದೆ ಹತ್ತು ಎಣಿಸುವಷ್ಟು ಹೊತ್ತು ಕೂತರೆ ಸಾಕು, ಗಾಯ ಮಾಯ. ಆ ಲೋಕದಲ್ಲಿ ನಿಮ್ಮ ಅಂಗಡಿಗೆ ನೊಣ ಹೊಡೆಯುವುದೇ ಕೆಲಸ. ನಮ್ಮ ಕಸುಬಿಗಂತೂ ಮರ್ಯಾದೆಯೇ ಇಲ್ಲ. ಎಂಥ ಬೀಗ ಹಾಕಿದ ಬಾಗಿಲಾದರೂ ಒಂದೇ ಒದೆತಕ್ಕೆ ಹಾರಿಹೋಗುತ್ತದೆ. ಇಪ್ಪತ್ತು ವರ್ಷ ಬೀಗ ಬಿಚ್ಚಿದವನಿಗೆ ಅದನ್ನು ನೋಡಿದರೆ ಮೊಣಕಾಲು ನೋಯುತ್ತದೆ.

ಹಾಗಂತ ಆ ಆಟಗಳು ಕೆಟ್ಟವು ಎನ್ನುವುದಿಲ್ಲ. ಕೈ ಚುರುಕಾಗುತ್ತದೆ, ದಿನವಿಡೀ ಗಿರಾಕಿಗಳಿಂದ ಬೈಸಿಕೊಂಡ ಸಿಟ್ಟು ಇಳಿಯುತ್ತದೆ. ಆದರೆ ಅವು ಹೆದರಿಕೆಗೆ ಬಾಯಿ ತೆರೆಯಲೂ ಬಿಡುವುದಿಲ್ಲ. ಏನಾದರೂ ಅಲುಗಿದರೆ ಮೊದಲು ಗುಂಡು, ಆಮೇಲೆ ಅದು ಏನೆಂದು ನೋಡುವುದು. ನನಗೆ ಆ ವರ್ಷಗಳಲ್ಲಿ ಬೇಕಾಗಿದ್ದದ್ದು ಅದೇ.

ಹೆದರಿಸುವ ಆಟ ಬೇರೆ ಜಾತಿ. ಅವುಗಳ ಬಗ್ಗೆಯೂ ನನ್ನ ದೂರುಗಳಿವೆ. ಆ ಪಾಳುಮನೆಗಳನ್ನು ಕಟ್ಟಿದವರು ಯಾರೋ, ಕೀಗಳನ್ನು ಹೂಕುಂಡದಲ್ಲಿ, ಪಿಯಾನೋದ ಹೊಟ್ಟೆಯಲ್ಲಿ, ಸತ್ತವರ ಜೇಬಿನಲ್ಲಿ ಇಟ್ಟಿರುತ್ತಾರೆ. ಒಂದು ಕೀ ಒಂದೇ ಸಲ ತಿರುಗುತ್ತದೆ, ಆಮೇಲೆ ಮಾಯ. ಮೂರು ಅಂಕಿಯ ತಿಜೋರಿ ಇಟ್ಟು ಆ ಮೂರು ಅಂಕಿಯನ್ನು ಎದುರು ಗೋಡೆಯ ಮೇಲೇ ಬರೆದಿರುತ್ತಾರೆ. ಒಂದು ಆಟದಲ್ಲಿ ಹುಡುಗಿಯೊಬ್ಬಳು ಕೂದಲಿನ ಪಿನ್ನಿನಿಂದ ಹಳೆಯ ಕಾಲದ ದಪ್ಪ ಬೀಗವನ್ನು ನಾಲ್ಕು ಸೆಕೆಂಡಿನಲ್ಲಿ ತೆಗೆದಳು. ನಾನು ಕಂಟ್ರೋಲರ್ ಕೆಳಗಿಟ್ಟು, ಇದು ಅನ್ಯಾಯ ಎಂದು ಎದ್ದು ನಿಂತೆ. ಚೋಟು ನಕ್ಕು ನಕ್ಕು ಸೋಫಾದಿಂದ ಜಾರಿದಳು. ಮತ್ತೆ ನಿಜವಾಗಿ ಹೇಗೆ ತೆಗೀತಾರೆ ತೋರ್ಸು ಅಂದಳು. ಅಂಗಡಿಗೆ ಇಳಿದು, ಒಂದು ಹಳೆಯ ಬೀಗದ ಪಕ್ಕ ಕೊಯ್ದು, ಒಳಗಿನ ತಗಡುಗಳು ಹೇಗೆ ಒಂದೊಂದಾಗಿ ಏಳಬೇಕು ಎಂದು ತೋರಿಸಿದೆ. ಅವಳು ನಲವತ್ತು ನಿಮಿಷ ಅಲ್ಲಾಡದೆ ಕೂತು ತೆಗೆದಳು. ಅವಳು ಎಲ್ಲಿಯಾದರೂ ನಲವತ್ತು ನಿಮಿಷ ಅಲ್ಲಾಡದೆ ಕೂತದ್ದು ನೀನು ನೋಡಿದ್ದೀಯಾ?

ಇನ್ನು ಕೆಲವು ಆಟಗಳು ಸುಮ್ಮನೆ ಹಿಂದಿನಿಂದ ಬಂದು ಕಿವಿಯ ಹತ್ತಿರ ಕಿರುಚುತ್ತವೆ. ಅದು ಹೆದರಿಸುವುದಲ್ಲ, ತುಂಟ ಅಣ್ಣಂದಿರ ಕೆಲಸ. ರಕ್ತ ಚೆಲ್ಲುವ ಆಟಗಳೂ ಇವೆ. ಅಂಥದ್ದೊಂದನ್ನು ನಾನೇ ತಿಳಿಯದೆ ತಂದಿದ್ದೆ. ಐದು ನಿಮಿಷಕ್ಕೆ ಅವಳೇ, ಅಪ್ಪಾ ಇದು ಬೇಡ, ಬೇರೆ ಹಾಕು ಅಂದಳು. ಅವತ್ತೇ ಅಳಿಸಿಹಾಕಿದೆ. ನೀನು ಸಿಟ್ಟಾಗಿರುವ ಆಟದ ಪೆಟ್ಟಿಗೆಯ ಮೇಲೆ ಹದಿಮೂರು ವರ್ಷ ದಾಟಿದವರಿಗೆ ಎಂದು ಬರೆದಿತ್ತು. ನಿನಗೆ ನಾನು, ಮಕ್ಕಳ ಆಟ ಕಣೆ ಎಂದು ಹೇಳಿದ್ದೆ. ಅವಳಿಗೆ ಹನ್ನೊಂದು. ಅಷ್ಟು ಸುಳ್ಳು ಹೇಳಿದ್ದು ನಿಜ, ತಪ್ಪಾಯಿತು.

ಆ ಆಟ ಹೀಗಿದೆ. ಒಂದು ದೊಡ್ಡ ಹಳೆಯ ಕಟ್ಟಡ, ಉದ್ದುದ್ದ ಓಣಿಗಳು. ನಮ್ಮ ಕೈಯಲ್ಲಿ ಬಂದೂಕು, ಕತ್ತಿ ಏನೂ ಇಲ್ಲ, ಒಂದು ಟಾರ್ಚು ಮಾತ್ರ. ಓಣಿಯಲ್ಲಿ ಒಬ್ಬ ಎತ್ತರದವನು ಓಡಾಡುತ್ತಿರುತ್ತಾನೆ, ಅವನಿಗೆ ಮುಖವಿಲ್ಲ. ಕಣ್ಣಿಲ್ಲದ್ದರಿಂದ ನಮ್ಮನ್ನು ನೋಡಲಾರ, ಕಿವಿ ಮಾತ್ರ ಬಲು ಚುರುಕು. ನಾವು ಓಡಿದರೆ ಹೆಜ್ಜೆ ಕೇಳಿಸಿ ಹಿಡಿಯುತ್ತಾನೆ. ಅಲುಗದೆ ನಿಂತರೆ ನಮ್ಮ ಪಕ್ಕದಲ್ಲೇ, ಭುಜ ತಾಗುವಷ್ಟು ಹತ್ತಿರದಲ್ಲಿ, ಹಾದುಹೋಗುತ್ತಾನೆ. ಆಟವೆಂದರೆ ಇಷ್ಟೇ. ಯಾರನ್ನೂ ಹೊಡೆಯುವುದಿಲ್ಲ, ಬಡಿಯುವುದಿಲ್ಲ.

ನಾನು ಆಡಿದಾಗಲೆಲ್ಲ ಸತ್ತೆ. ಅವನ ಹೆಜ್ಜೆ ಸದ್ದು ಕೇಳಿದ ಕೂಡಲೇ ನನ್ನ ಬೆರಳು ತಾನಾಗಿಯೇ ಓಡುವ ಗುಂಡಿ ಒತ್ತುತ್ತಿತ್ತು. ಹದಿನಾರು ಸಲ. ಚೋಟು ಎಣಿಸಿ ಕ್ಯಾಲೆಂಡರಿನ ಮೇಲೆ ಗೀಟು ಹಾಕಿದ್ದಾಳೆ. ಕೊನೆಗೆ ನನ್ನ ಹೆಬ್ಬೆರಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, ನಿಂತ್ಕೋ ಅಪ್ಪಾ, ಓಡ್ಬೇಡ, ಅವನು ಹೋಗ್ತಾನೆ, ನಿಂತ್ಕೋ ಅಂತ ಪಿಸುಗುಟ್ಟಿದಳು. ಅವನು ಹೋದ. ನಡುಮಧ್ಯಾಹ್ನ, ಕಿಟಕಿ ತುಂಬ ಬಿಸಿಲು, ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು. ನನ್ನ ಅಂಗಿಯ ಬೆನ್ನು ತೊಯ್ದು ಹೋಗಿತ್ತು.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಇದನ್ನು ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೆ, ಆ ಮಾತು ಮುರಿಯುತ್ತಿದ್ದೇನೆ. ಅವಳು ಬೈದರೆ ಬೈಸಿಕೊಳ್ಳುತ್ತೇನೆ.

ಹೋದ ವಾರ, ಅಂದರೆ ಅವಳು ಕೊನೆಯ ಸಲ ಬಂದ ಶನಿವಾರ, ಅವಳು ಆಟ ಮುಂದುವರಿಸದೆ ಅದೇ ಓಣಿಗೆ ಮತ್ತೆ ಮತ್ತೆ ಹೋಗುತ್ತಿದ್ದಳು. ಮುಂದಿನ ಬಾಗಿಲಿನ ಕೀ ಕೈಯಲ್ಲೇ ಇದೆ, ಆದರೂ ಹಿಂದಕ್ಕೆ ಬಂದು ಎತ್ತರದವನಿಗೆ ಕಾಯುವುದು, ನಿಲ್ಲುವುದು, ಅವನನ್ನು ಹೋಗಗೊಡುವುದು. ಐದು ಸಲ ನೋಡಿ, ಯಾಕೆ ಹೀಗೆ ಎಂದು ಕೇಳಿದೆ. ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು, ಇವನು ಆಸ್ಪತ್ರೆಯವನ ಥರ ಇದ್ದಾನೆ ಅಂತ.

ಯಾವ ಆಸ್ಪತ್ರೆಯವನು ಎಂದು ನಾನು ಕೇಳಬೇಕಾಗಿ ಬರಲಿಲ್ಲ. ಐದು ವರ್ಷದವಳಿದ್ದಾಗ ಜಾರುಬಂಡೆಯ ಮೇಲಿನಿಂದ ಬಿದ್ದು ತೊಡೆಯ ಮೂಳೆ ಮುರಿದು, ತಳ್ಳುಮಂಚದ ಮೇಲೆ ಮಲಗಿಸಿ ಓಣಿಯುದ್ದಕ್ಕೂ ಕರೆದುಕೊಂಡು ಹೋದರಲ್ಲ, ಆವತ್ತು ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತಿದ್ದವನು. ತಲೆಗೆ ಹಸಿರು ಟೋಪಿ, ಮೂಗು ಬಾಯಿಗೆ ಹಸಿರು ಬಟ್ಟೆ. ಮಲಗಿದ ಮಗುವಿಗೆ ಕೆಳಗಿನಿಂದ ಏನು ಕಾಣಬೇಕು? ನಿನ್ನ ಕೈ ಬಿಡಿಸಿ ಅವಳನ್ನು ಒಳಗೆ ಎಳೆದುಕೊಂಡವನು ಅವನೇ ಎಂದು ಆಮೇಲೆ ನೀನೇ ಹೇಳಿದ್ದೆ. ಅವಳು ಅದನ್ನು ಮರೆತಿದ್ದಾಳೆ ಎಂದು ನಾವಿಬ್ಬರೂ ನಂಬಿಕೊಂಡಿದ್ದೆವು. ಚಿತ್ರದಲ್ಲಿರುವ ಬಟ್ಟೆಯ ಬಣ್ಣ ನೆನಪು ಮಾಡಿಕೋ. ಆಟದವನು ಕಪ್ಪು ಕೋಟು ಹಾಕುತ್ತಾನೆ. ಅವಳ ಪುಸ್ತಕದಲ್ಲಿ ನಿಂತಿರುವವನು ಆಟ ಬರುವುದಕ್ಕೆ ಆರು ವರ್ಷ ಮೊದಲೇ ಅವಳ ತಲೆಯೊಳಗೆ ಬಂದು ನಿಂತಿದ್ದ.

ಆಮೇಲೆ ಉಳಿದದ್ದೂ ಬಂತು. ಕಾಲಿನೊಳಗೆ ಆಗ ಹಾಕಿದ ಸ್ಟೀಲಿನ ಪ್ಲೇಟನ್ನು ಇಪ್ಪತ್ತೈದನೇ ತಾರೀಖು ತೆಗೆಯುತ್ತಾರಲ್ಲ, ಆ ದಿನವನ್ನು ನೆನೆದು ಅವಳಿಗೆ ತಿಂಗಳಿಂದ ಊಟ ಇಳಿಯುತ್ತಿಲ್ಲವಂತೆ. ನಿನ್ನ ಮುಂದೆ ಮಾತ್ರ, ಏನೂ ಭಯ ಇಲ್ಲಮ್ಮಾ, ಪ್ಲೇಟ್ ತೆಗೆದ ಮೇಲೆ ಮನೆಗೆ ತರೋಣ ಅಂತ ಜಂಬ ಕೊಚ್ಚುತ್ತಾಳೆ. ನನ್ನ ಮಗಳು ಹುಲಿ ಎಂದು ನೀನು ಅಂಗಡಿಗೆ ಬಂದವರ ಹತ್ತಿರವೆಲ್ಲ ಹೇಳಿಕೊಂಡೆಯಂತೆ. ಅಮ್ಮನಿಗೆ ಹೇಳ್ಬೇಡ ಅಪ್ಪಾ, ಹೋದ ಸಲ ಪಾಪ ಅವಳೊಬ್ಬಳೇ ಇದ್ದಳು, ನಾನು ಹೆದರಿದ್ದೀನಿ ಅಂತ ಗೊತ್ತಾದರೆ ಅವಳು ಇನ್ನೂ ಹೆದರ್ತಾಳೆ ಅಂದಳು. ಆ ಹೊತ್ತಿಗೆ ಆಟದಲ್ಲಿ ಎತ್ತರದವನು ನಮ್ಮ ಪಕ್ಕದಲ್ಲಿ ಹಾದುಹೋಗುತ್ತಿದ್ದ. ಇಬ್ಬರೂ ಟಿವಿ ನೋಡುತ್ತಿದ್ದೆವು. ಮುಖ ನೋಡಿಕೊಂಡು ಕೂತಿದ್ದರೆ ಅವಳು ಅದನ್ನು ಹೇಳುತ್ತಿರಲಿಲ್ಲ, ನಾನೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಇದರಲ್ಲಿ ಆಟದ ಹೆಚ್ಚುಗಾರಿಕೆ ಏನೂ ಇಲ್ಲ ಎಂದು ನೀನು ಹೇಳಬಹುದು. ಇರಲಿಕ್ಕಿಲ್ಲ. ಆಟ ಅವಳ ಹೆದರಿಕೆಯನ್ನು ಹೆಚ್ಚಿಸಿಯೂ ಇರಬಹುದು, ಅದನ್ನು ತೂಗಿ ಹೇಳುವಷ್ಟು ನಾನು ಓದಿದವನಲ್ಲ. ಆದರೆ ಅವಳು ಆ ಓಣಿಗೆ ತಾನಾಗಿಯೇ ನಡೆದುಹೋಗುತ್ತಿದ್ದಳು, ಯಾರೂ ಮಲಗಿಸಿ ತಳ್ಳುತ್ತಿರಲಿಲ್ಲ. ಸಾಕೆನಿಸಿದಾಗ ನಿಲ್ಲಿಸಿ ನೀರು ಕುಡಿದು ಬರುತ್ತಿದ್ದಳು. ನನಗೆ ಅದರಲ್ಲಿ ಏನೋ ಸರಿ ಇದೆ ಅನ್ನಿಸಿತು.

ಅದಾದ ಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು. ಆವತ್ತು ನೀನು ಎಲ್ಲಿದ್ದೆ ಅಪ್ಪಾ ಅಂತ.

ನಿನಗೆ ಆವತ್ತು ಹೇಳಿದ್ದನ್ನೇ ಅವಳಿಗೂ ಹೇಳಲು ಬಾಯಿ ತೆರೆದೆ. ಒಂದು ಮನೆಯಲ್ಲಿ ವಯಸ್ಸಾದ ಅಜ್ಜಿಯೊಬ್ಬರು ಬಚ್ಚಲುಮನೆಯೊಳಗೆ ಸಿಕ್ಕಿಕೊಂಡಿದ್ದರು, ಚಿಲಕ ಕಚ್ಚಿಕೊಂಡಿತ್ತು, ಫೋನು ಬಂತು, ಹೋಗದೆ ವಿಧಿಯಿರಲಿಲ್ಲ. ಆರು ವರ್ಷದಿಂದ ಆ ಅಜ್ಜಿಯನ್ನು ಸಾಕಿಕೊಂಡು ಬಂದಿದ್ದೇನೆ. ಆದರೆ ಚೋಟು ನನ್ನ ಹೆಬ್ಬೆರಳನ್ನು ಇನ್ನೂ ಹಿಡಿದುಕೊಂಡೇ ಇದ್ದಳು. ನನಗೆ ಸುಳ್ಳು ಹೊರಡಲಿಲ್ಲ. ನಿಜವೂ ಹೊರಡಲಿಲ್ಲ. ಮುಂದಿನ ಶನಿವಾರ ಹೇಳ್ತೀನಿ ಅಂದೆ. ಆ ಶನಿವಾರವೇ ಈಗ ಇಲ್ಲವಾಯಿತು. ಹಾಗಾಗಿ ನಿನಗೆ ಮೊದಲು ಹೇಳುತ್ತಿದ್ದೇನೆ. ಹೇಗಿದ್ದರೂ ಇದು ಮೊದಲು ನಿನಗೇ ಸಲ್ಲಬೇಕಾದ ಮಾತು.

ಯಾವ ಅಜ್ಜಿಯೂ ಇರಲಿಲ್ಲ. ಯಾವ ಫೋನೂ ಬರಲಿಲ್ಲ. ಅವಳನ್ನು ತಳ್ಳುಮಂಚದ ಮೇಲೆ ಮಲಗಿಸುವಾಗ ನಾನು ಮೆಟ್ಟಿಲ ಹತ್ತಿರ ನಿಂತಿದ್ದೆ. ಅವಳು ಒಮ್ಮೆ ನಿನ್ನನ್ನು ಕೂಗಿದಳು, ಒಮ್ಮೆ ನನ್ನನ್ನು. ನನ್ನ ಕಾಲು ಇಳಿಯತೊಡಗಿತು. ಕೆಳಗೆ ಬಂದು ರಸ್ತೆ ದಾಟಿ, ಆಸ್ಪತ್ರೆಯ ಎದುರಿನ ಬಸ್ ಸ್ಟಾಪಿನಲ್ಲಿ ಕೂತುಬಿಟ್ಟೆ. ಅಲ್ಲಿಂದಲೇ ನಿನಗೆ ಮೆಸೇಜು ಮಾಡಿ ಅಜ್ಜಿಯ ಕಥೆ ಕಟ್ಟಿದೆ. ಮೂರು ಗಂಟೆ ಅಲ್ಲೇ ಇದ್ದೆ. ಬಸ್ಸು ಬಂದಾಗಲೆಲ್ಲ ಹತ್ತುವವನ ಹಾಗೆ ಏಳುತ್ತಿದ್ದೆ, ಅದು ಹೋದ ಮೇಲೆ ಕೂರುತ್ತಿದ್ದೆ. ಎರಡನೇ ಮಹಡಿಯ ಕಿಟಕಿಗಳನ್ನು ಎಣಿಸುತ್ತಿದ್ದೆ. ಮೇಲೆ ಬಂದರೆ ಏನೋ ಕೆಟ್ಟ ಸುದ್ದಿ ಕೇಳಬೇಕಾಗುತ್ತದೆ, ಬಾರದೆ ಇದ್ದರೆ ಕೇಳಬೇಕಾಗಿಲ್ಲ ಎಂಬ ಮೂರ್ಖ ಲೆಕ್ಕ. ಕೊನೆಗೆ ಬಂದಾಗ ಎಲ್ಲ ಮುಗಿದಿತ್ತು. ನೀನು ಬೆಂಚಿನ ಮೇಲೆ ಅವಳ ಪುಟ್ಟ ಕಾಲುಚೀಲ ಹಿಡಿದುಕೊಂಡು ಕೂತಿದ್ದೆ. ನನ್ನನ್ನು ನೋಡಿ, ಅಜ್ಜಿ ಹೊರಗೆ ಬಂದರಾ, ಹೇಗಿದ್ದಾರೆ ಎಂದು ಕೇಳಿದೆ. ಅಂಥ ಹೊತ್ತಿನಲ್ಲೂ ನಿನಗೆ ಯಾರದೋ ಮನೆಯ ಅಜ್ಜಿಯ ಚಿಂತೆ. ನಾನು ‘ಹ್ಞೂಂ’ ಅಂದೆ.

ನಿನ್ನ ಜೊತೆ ಬಾಳಿದ ವರ್ಷಗಳಲ್ಲಿ ನಾನು ಮಾಡಿದ ಅತ್ಯಂತ ನಾಚಿಕೆಗೇಡಿನ ಕೆಲಸ ಆ ‘ಹ್ಞೂಂ’. ಅದಾದ ಮೇಲೆಯೇ ನಾನು ಸಂಜೆ ಸಂಜೆ ಟಿವಿ ಮುಂದೆ ಕೂತು ನೂರಾರು ಜನರನ್ನು ಹೊಡೆದುಹಾಕಲು ಶುರುಮಾಡಿದ್ದು. ಒಂದೂವರೆ ವರ್ಷದ ಹಿಂದೆ ನೀನು ಮಗಳನ್ನು ಕರೆದುಕೊಂಡು ಬೇರೆ ಮನೆ ಮಾಡಿದಾಗ ಒಂದು ಮಾತು ಹೇಳಿದೆ. ಕಷ್ಟ ಬಂದಾಗ ನೀವು ಯಾವತ್ತೂ ಪಕ್ಕದಲ್ಲಿ ಇರೋದಿಲ್ಲ, ಅದೊಂದನ್ನು ನನ್ನಿಂದ ತಡ್ಕೊಳ್ಳೋಕಾಗಲ್ಲ ಅಂತ. ನಾನು ಅದಕ್ಕೆ ಸಿಟ್ಟಾದೆ. ಅಜ್ಜಿಯನ್ನು ಬಿಡಿಸಲು ಹೋದವನಿಗೆ ಇಂಥ ಮಾತಾ ಎಂದು ಜಗಳ ಆಡಿದೆ. ನನ್ನ ಸುಳ್ಳನ್ನು ಎಷ್ಟೋ ಸಲ ನಾನೇ ನಂಬಿಬಿಟ್ಟಿದ್ದೆ.

ಇಷ್ಟು ಓದಿದ ಮೇಲೆ ನಿನಗೆ ಏನನ್ನಿಸುತ್ತದೋ ಗೊತ್ತಿಲ್ಲ. ಕ್ಷಮಿಸು ಎಂದು ಬರೆಯುವುದು ಸುಲಭ, ಬರೆದೆ ಅಂದುಕೋ. ಶನಿವಾರಗಳ ವಿಚಾರದಲ್ಲಿ ನೀನು ಹೇಗೆ ಹೇಳುತ್ತೀಯೋ ಹಾಗೆ. ಆಟವನ್ನು ಬಿಚ್ಚಿ, ವೈರು ಸುತ್ತಿ, ಪೆಟ್ಟಿಗೆಗೆ ಹಾಕಿ ಈ ಪತ್ರದ ಜೊತೆಗೇ ನಿಮ್ಮ ಅಂಗಡಿಗೆ ಕೊಟ್ಟು ಬರುತ್ತೇನೆ. ಇಟ್ಟುಕೊಳ್ಳುವುದೋ ಬಿಸಾಕುವುದೋ ನಿನಗೆ ಬಿಟ್ಟದ್ದು. ಆಗುವುದಾದರೆ ಒಂದು ಮಧ್ಯಾಹ್ನ ಅವಳ ಪಕ್ಕದಲ್ಲಿ ಕೂತು ಆ ಓಣಿಗೆ ಒಮ್ಮೆ ಹೋಗಿ ಬಾ. ನಿನ್ನ ಜೊತೆ ಆಡುವಾಗಲೂ ಅವಳ ಬಾಯಿಂದ ಏನಾದರೂ ಬಂದೀತು. ಅವಳು ಹುಲಿ ಎಂದು ಮಾತ್ರ ಯಾರ ಹತ್ತಿರವೂ ಹೇಳಬೇಡ. ಹುಲಿಯಾಗಿರುವುದು ಅವಳಿಗೆ ಸಾಕಾಗಿದೆ.

ನಾನು ಕೇಳುವುದು ಒಂದೇ. ಇಪ್ಪತ್ತೈದನೇ ತಾರೀಖು ಗುರುವಾರ, ಅವಳನ್ನು ಒಳಗೆ ಕರೆದುಕೊಂಡು ಹೋಗುವಾಗ ನಾನೂ ಆ ಬಾಗಿಲಲ್ಲಿ ಇರಲಾ? ಬೇಡವೆಂದರೆ ಬೇಡ. ಅವಳಿಗೆ ಎಚ್ಚರವಾದ ಮೇಲೆ ಬನ್ನಿ ಎಂದರೆ ಹಾಗೆಯೇ ಬರುತ್ತೇನೆ. ಆದರೆ ನೀನು ಹ್ಞೂಂ ಅಂದರೆ, ಮೆಟ್ಟಿಲ ಹತ್ತಿರ ಅಲ್ಲ, ತಳ್ಳುಮಂಚದ ಪಕ್ಕದಲ್ಲಿ ನಡೆಯುತ್ತೇನೆ. ಆ ಹಸಿರು ಬಟ್ಟೆಯವನಿಗೆ, ಸ್ವಾಮಿ, ಅವಳಿಗೆ ಒಂದು ಸಲ ನಿಮ್ಮ ಮುಖ ತೋರಿಸಿ ಎಂದು ಕೇಳುತ್ತೇನೆ. ಕೇಳುವುದಕ್ಕೆ ನನಗೆ ನಾಚಿಕೆಯಿಲ್ಲ.

ನಿನ್ನ ಕುತ್ತಿಗೆ ನೋವು ಈಗ ಹೇಗಿದೆ? ಚೋಟು ಹೇಳಿದಳು, ದಿನವಿಡೀ ನಿಂತು ಮೇಲಿನ ಕಪಾಟಿನ ಡಬ್ಬಗಳನ್ನು ತೆಗೆಯುವುದರಿಂದ ಬಂದಿದೆ ಅಂತ. ಕೆಳಗಿನ ಕಪಾಟಿಗೆ ಇಳಿಸಿಕೊಳ್ಳಲು ನಿಮ್ಮ ಅಂಗಡಿಯ ಯಜಮಾನರಿಗೆ ಹೇಳು.

ಇಷ್ಟುದ್ದ ಬರೆದು ಬೆರಳು ನೋಯಿಸಿಕೊಂಡಿರುವ,
ಚೋಟುವಿನ ಅಪ್ಪ

ಮರೆತಿದ್ದೆ: ನನ್ನ ಮಾತನ್ನು ನೀನು ನಂಬಲು ಕಾರಣವಿಲ್ಲ, ನನಗೇ ನಂಬಿಕೆ ಇರಲಿಲ್ಲ. ಅದಕ್ಕೇ ಬುಧವಾರ ಆ ಆಸ್ಪತ್ರೆಯ ಎರಡನೇ ಮಹಡಿಗೆ ಹೋಗಿ, ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ನೋಡಿದೆ. ಹನ್ನೆರಡು ನಿಮಿಷಕ್ಕೆ ಎದ್ದು ಬಂದೆ. ಶುಕ್ರವಾರ ನಲವತ್ತು ನಿಮಿಷ. ನಿನ್ನೆ ಶನಿವಾರ, ಅವಳು ಬರಲಿಲ್ಲವಲ್ಲ, ಬೆಳಿಗ್ಗೆ ಹತ್ತರಿಂದ ಒಂದರವರೆಗೂ ಕೂತಿದ್ದೆ. ಅಲ್ಲಿನ ಕಾವಲಿನವರು ಮೂರು ದಿನವೂ ನನ್ನನ್ನು ನೋಡಿದ್ದರು, ಕೊನೆಗೆ ಹತ್ತಿರ ಬಂದು, ಒಳಗೆ ನಿಮ್ಮೋರು ಯಾರಿದ್ದಾರೆ ಎಂದು ಕೇಳಿದರು. ಈಗ ಯಾರೂ ಇಲ್ಲ, ಆರು ವರ್ಷದ ಹಿಂದೆ ನನ್ನ ಮಗಳು ಒಳಗಿದ್ದಳು, ನನ್ನ ಹೆಂಡತಿ ಒಬ್ಬಳೇ ಇಲ್ಲಿ ಕೂತಿದ್ದಳು ಅಂದೆ. ಅವರು ನನ್ನ ತಲೆಯ ಮೇಲಿನ ಫ್ಯಾನಿನ ಸ್ವಿಚ್ ಹಾಕಿ ಹೋದರು.